ಒಂದು ಸುತ್ತು ಹಿಂದಿದ್ದ ಹಳದಿ ಕಾರು

ಅಣ್ಣಾ, ಅಂದು ಹಳದಿ ಕಾರು ಗೆದ್ದಿರಲಿಲ್ಲ. ನಾನು ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿ ನೀನು ಕಣ್ಣಿನ ಆಪರೇಶನ್‌ಗೆ ಹೊರಟೆ, ಉಳಿದಿದ್ದ ಅಷ್ಟಿಷ್ಟು ಬೆಳಕನ್ನೂ ಅಲ್ಲೇ ಬಿಟ್ಟು ಬಂದೆ. ಹೇಳಬೇಕಾದದ್ದು ಇಷ್ಟೇ. ಇಷ್ಟನ್ನು ಹೇಳಲು ನನಗೆ ವರ್ಷಗಳು ಬೇಕಾದವು — ಈಗಲೂ ಹೇಳುತ್ತಿಲ್ಲ, ಬರೆಯುತ್ತಿದ್ದೇನೆ. ನೀನು ಓದಲಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಎಂಥ ಧೈರ್ಯ ನೋಡು ನನ್ನದು.

ಆ ಭಾನುವಾರಗಳು ಈಗ ನೆನೆದರೆ ನಾನೇ ಕಂಡವೋ, ಯಾರಾದರೂ ಹೇಳಿದ್ದನ್ನು ಕೇಳಿದ್ದೆನೋ ಎನ್ನುವಷ್ಟು ಮಸುಕು. ಧಾರವಾಡದ ನಮ್ಮ ಈ ಎರಡು ಕೋಣೆಯ ಮನೆ. ಕಿಟಕಿಯಾಚೆ ಪೇರಲ ಗಿಡ, ಅದರ ನೆರಳು ನೆಲದ ಮೇಲೆ ಅಲ್ಲಾಡುತ್ತಿರುತ್ತಿತ್ತು. ಇಲ್ಲಿ ಹನ್ನೊಂದರ ಬಿಸಿಲು ಏರುವಾಗ ಜಪಾನಿನಲ್ಲಿ ಮಧ್ಯಾಹ್ನ ಇಳಿಯುತ್ತಿರುತ್ತಿತ್ತು; ಅಲ್ಲಿ ರೇಸು ಶುರುವಾಗುತ್ತಿತ್ತು. ಮೊಬೈಲನ್ನು ಟಿವಿಗೆ ಜೋಡಿಸುವುದು ನನ್ನ ಕೆಲಸ, ಚುರುಮುರಿ ಕಲಸುವುದು ನಿನ್ನದು. ಮೈಯಿಂದ ಹೊರಗೆ ಚಾಚಿದ ಚಕ್ರಗಳು, ತಲೆ ಮಾತ್ರ ಕಾಣುವ ಚಾಲಕರು, ನೆಲಕ್ಕೆ ಅಂಟಿಕೊಂಡು ಓಡುವ ಕಾರುಗಳು. ಕಾಮೆಂಟರಿ ಹೇಳುತ್ತಿದ್ದ ಇಬ್ಬರ ಜಪಾನಿ ಭಾಷೆ ನಮಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ನೆಂಟರು ಬಂದು ಪಡಸಾಲೆಯಲ್ಲಿ ಕೂತು ಹರಟುತ್ತಿದ್ದಾರೆ ಎನ್ನುವ ಹಾಗೆ ಆ ದನಿಗಳು ಮನೆ ತುಂಬಿಕೊಳ್ಳುತ್ತಿದ್ದವು.

ನಿನಗೆ ಆ ರೇಸಿನ ಹುಚ್ಚು ಹಿಡಿದದ್ದು ಬಣ್ಣಗಳಿಂದ. ಇಲ್ಲೇ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಬಸ್ಸು, ಲಾರಿಗಳಿಗೆ ಬಣ್ಣ ಹೊಡೆದವನು ನೀನು. ಯಾವನೋ ಜೊತೆಗಾರ ಮೊಬೈಲಿನಲ್ಲಿ ಈ ರೇಸು ತೋರಿಸಿದ್ದನಂತೆ. "ಯಾರ ಮುಂದ, ಯಾರ ಹಿಂದ, ಅದನ್ನ ತಗೊಂಡು ಏನ ಮಾಡೂದೈತಿ? ಬಣ್ಣ ಹೆಂಗ ಹೊಡದಾರ ನೋಡು" ಎನ್ನುತ್ತಿದ್ದೆ. ಆಮೇಲೆ ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದು ಮಂಜಾಯಿತು. ಕೆಂಪು ಕಂದಾಯಿತು, ನೀಲಿ ಕಪ್ಪಿನಲ್ಲಿ ಕರಗಿತು. ಹಳದಿ ಒಂದೇ ಉಳಿಯಿತು. ಚೆಂಡು ಹೂವು, ಆಟೋದ ತಲೆ, ತಾಟಿನಲ್ಲಿನ ಕಡಲೆಹಿಟ್ಟಿನ ಝುಣಕ — ಮತ್ತು ಭಾನುವಾರ ಟಿವಿಯಲ್ಲಿ ಎಡದಿಂದ ಬಲಕ್ಕೆ ಒಮ್ಮೆಲೇ ಹಾದುಹೋಗುವ ಒಂದು ಹಳದಿ ಗೆರೆ.

ಹಾಗಾಗಿ ಹಳದಿ ಕಾರು ನಮ್ಮದಾಯಿತು. ಬೇರೆ ಆಯ್ಕೆ ಎಲ್ಲಿತ್ತು ನಿನಗೆ?

ಅದೊಂದು ಬಡ ತಂಡದ ಕಾರು. ಎಂಟನೆಯದು, ಹನ್ನೊಂದನೆಯದು, ಕೆಲವೊಮ್ಮೆ ಕಡೆಯದು. ಆ ವರ್ಷದ ರೇಸುಗಳೆಲ್ಲ ಒಂದರೊಳಗೊಂದು ಬೆರೆತುಹೋಗಿವೆ ನನ್ನ ತಲೆಯಲ್ಲಿ — ಹಿಮದ ಟೋಪಿ ಹಾಕಿದ ದೊಡ್ಡ ಬೆಟ್ಟದ ಕೆಳಗಿನದು, ಕಾಡಿನ ನಡುವಿನದು, ಹಿಂದೆ ಜಯಂಟ್ ವೀಲ್ ನಿಧಾನ ತಿರುಗುವ ಜಾಗದ್ದು. ನೀನು ಗೆರೆಯನ್ನು ಕಾಣುತ್ತಿದ್ದೆ, ನಾನು ಸ್ಥಾನ ಹೇಳುತ್ತಿದ್ದೆ. "ಎಷ್ಟನೇದು ಐತಿ?" ಎಂದು ನೀನು ಕೇಳಿದರೆ "ಹತ್ತನೇದು" ಎನ್ನುವುದು, "ಬರತೈತಿ ಬಿಡು, ಅವಸರ ಯಾಕ" ಎಂದು ನೀನು ಚುರುಮುರಿ ಬಾಯಿಗೆ ಹಾಕಿಕೊಳ್ಳುವುದು. ನಮ್ಮಿಬ್ಬರ ನಡುವಿನ ಒಪ್ಪಂದ ಅದು. ನಾನು ಹೇಳಿದ್ದಕ್ಕೆ ನೀನು ಒಮ್ಮೆಯೂ ಮರುಪ್ರಶ್ನೆ ಹಾಕಲಿಲ್ಲ.

ಆ ಮಳೆಗಾಲದಲ್ಲೇ ಹುಬ್ಬಳ್ಳಿಯ ಡಾಕ್ಟರು ಹೇಳಿದ್ದು. "ಆಪರೇಶನ್ ಮಾಡಿಸಿದ್ರ ಸ್ವಲ್ಪ ಸುಧಾರಿಸಬಹುದ್ರಿ. ಇದ್ದದ್ದೂ ಹೋಗಬಹುದು. ಬಿಟ್ರ ಹಿಂಗ ನಿಧಾನಕ್ಕ ಕಡಿಮಿ ಆಕ್ಕೋತ ಹೋಗತೈತಿ. ವಿಚಾರ ಮಾಡಿ ನೀವ ಹೇಳ್ರಿ." ನೀವೇ, ಎಂದರು. ನಿನ್ನ ಕಡೆ ನೋಡಿ ಎಂದರು, ನನ್ನ ಕಡೆಗಲ್ಲ.

ವಾಪಸು ಬರುವಾಗ ಬಸ್ಸು ಉಣಕಲ್ ಕೆರೆ ದಾಟಿತು. ಆಮೇಲೆ ನಕ್ಕು ಅಂದೆ, "ಹಳದಿ ಗೆದ್ದ ದಿವಸ ಹೋಗೂಣು, ಸುಮಾ. ಮಾತ ಅಂದ್ರ ಮಾತ."

ನಾನೂ ನಕ್ಕೆ. ನಕ್ಕು ಮುಗಿಯುವುದರೊಳಗೆ ನನಗೆ ಅರ್ಥವಾಗಿತ್ತು. ಹಳದಿ ಎಂದೂ ಗೆಲ್ಲುವುದಿಲ್ಲ. ಅದು ನಿನಗೂ ಗೊತ್ತು. ಆಪರೇಶನ್ ಬೇಡ ಎಂದು ನೇರವಾಗಿ ಹೇಳಿದರೆ ತಂಗಿಯ ಮನಸ್ಸು ನೋಯುತ್ತದೆ ಎಂದು ನೀನು ಆ ದಾರಿ ಹುಡುಕಿದ್ದೆ. ಉಳಿದ ಹಳದಿ ಸಾಕು, ಅದು ಇರುವಷ್ಟು ದಿನ ಇರಲಿ — ಇದು ನಿನ್ನ ಉತ್ತರ. ನನಗೆ ತಿಳಿದಿತ್ತು, ಅಣ್ಣಾ. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ಅನುಕೂಲ ಕೂಡ ನನಗಿಲ್ಲ.

ಯಾಕೆ ಮಾಡಿದೆ? ನಿನ್ನ ಒಳ್ಳೆಯದಕ್ಕೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಸ್ವಲ್ಪ ನಿಜವೂ ಇರಬಹುದು. ಆದರೆ ನಾನು ದಣಿದಿದ್ದೆ. ಕೋಚಿಂಗ್ ಸೆಂಟರಿನ ಆಫೀಸಿನಲ್ಲಿ ದಿನವಿಡೀ ಹುಡುಗರ ಗಲಾಟೆ, ಮನೆಗೆ ಬಂದರೆ ನಿನ್ನ ಔಷಧಿ, ನಿನ್ನ ಅಂಗಿಯ ಗುಂಡಿ, ಬೀದಿ ದಾಟಿಸಲು ನನ್ನ ಮೊಣಕೈ. ನನಗೆ ನನ್ನ ಕೈಗಳು ವಾಪಸು ಬೇಕಿದ್ದವು. ಮೊದಲಿಂದಲೂ ನಾನು ತಾಳ್ಮೆಗೆಟ್ಟವಳು. "ನಮ್ಮ ಸುಮಾಗ ಬಸ್ಸ ನಿಂದ್ರೂ ಮುಂಚೇನ ಇಳೀಬೇಕು" ಎಂದು ನೀನೇ ಎಲ್ಲರೆದುರು ಆಡಿಕೊಳ್ಳುತ್ತಿದ್ದೆ. ಹಾಗೆಯೇ ಇಳಿದೆ. ಬಿದ್ದವನು ನೀನು.

ಆ ಭಾನುವಾರ ಬೆಟ್ಟದ ಕೆಳಗಿನ ರೇಸು. ಮಂಜು ಇಳಿದಿತ್ತು, ಬೆಟ್ಟವೇ ಕಾಣುತ್ತಿರಲಿಲ್ಲ. ಕಾರುಗಳು ಬೆಳ್ಳಗಿನ ಹೊಗೆಯೊಳಗಿಂದ ಬಂದು ಹೊಗೆಯೊಳಗೇ ಹೋಗುತ್ತಿದ್ದವು. ಅರ್ಧ ರೇಸು ಮುಗಿದಾಗ ಓಣಿಯಲ್ಲಿ ಕೂಗು ಎದ್ದಿತು — ನಳ ಬಂತು! ವಾರದ ಮೇಲೆ ಬಂದ ನೀರು. "ನೀ ನೋಡ್ತಿರು, ನಾ ಟಾಕಿ ತುಂಬಿ ಬರ್ತೇನಿ" ಎಂದು ನೀನು ಗೋಡೆ ಹಿಡಿದು ಹಿತ್ತಲಿಗೆ ಹೋದೆ. ನಿನ್ನ ಕಣ್ಣನ್ನು ನನ್ನ ಹತ್ತಿರ ಬಿಟ್ಟು ಹೋದೆ.

ನೀನಿಲ್ಲದಾಗ ಹಳದಿ ಕಾರು ಚಕ್ರ ಬದಲಿಸಲು ನಿಂತಿತು. ಹಿಂದಿನ ಒಂದು ಚಕ್ರದ ನಟ್ಟು ಸಿಕ್ಕಿಕೊಂಡು ಬಿಚ್ಚಲಿಲ್ಲ. ತಂಡದ ಹುಡುಗರು ಮಂಡಿಯೂರಿ ಒದ್ದಾಡಿದರು. ಉಳಿದ ಕಾರುಗಳೆಲ್ಲ ಮುಂದೆ ಹೋದವು, ಮೊದಲಿನದು ಒಂದು ಪೂರ್ತಿ ಸುತ್ತು ಮುಗಿಸಿ ಮತ್ತೆ ಬಂತು. ಹಳದಿ ಇನ್ನು ಹೊರಡುವುದಿಲ್ಲ ಎಂದುಕೊಂಡೆ. ಹೊರಟಿತು. ಎಲ್ಲರಿಗಿಂತ ಹಿಂದೆ, ಒಂದು ಸುತ್ತು ಹಿಂದೆ, ಯಾರನ್ನು ಹಿಡಿದರೂ ಏನೂ ಸಿಗದಿರುವಾಗ, ಅದು ಮೊದಲಿನಷ್ಟೇ ಜೋರಾಗಿ ಓಡತೊಡಗಿತು.

ನೀನು ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತ ಬಂದು ಕೂತೆ. "ಎಷ್ಟನೇದು ಐತಿ?" ಎಂದೆ. ನಾನು ಉತ್ತರ ಕೊಡಲಿಲ್ಲ. ಯಾಕೆ ಕೊಡಲಿಲ್ಲ, ಆಗಲೇ ಒಳಗೆ ಏನಾದರೂ ಹೊಂಚುತ್ತಿತ್ತೋ — ಗೊತ್ತಿಲ್ಲ. "ಮುಗೀಲಿಕ್ಕೆ ಬಂತು, ನೋಡು" ಎಂದಷ್ಟೇ ಅಂದೆ.

ಕಡೆಯ ಸುತ್ತು. ಮಂಜಿನೊಳಗಿಂದ ಮೊದಲು ಹೊರಬಂದದ್ದು ಹಳದಿ. ಅದರ ಬೆನ್ನಿಗೇ ಇನ್ನೊಂದು, ನಿಜವಾಗಿ ಗೆಲ್ಲುತ್ತಿದ್ದ ಕಾರು. ಹಳದಿಯನ್ನು ಆಗಲೇ ಒಮ್ಮೆ ದಾಟಿಹೋಗಿದ್ದ ಅದು, ಸುತ್ತು ಹೊಡೆದು ಬಂದು ಎರಡನೆಯ ಸಲ ದಾಟಲು ಸ್ವಲ್ಪವೇ ಬಾಕಿಯಿತ್ತು. ಹಳದಿ ಕಾರು ಕೊನೆಯ ಗೆರೆ ದಾಟಿತು. ಗೆಲುವಿನ ಬಾವುಟ ಬೀಸಿದ್ದು ಹಿಂದಿನದಕ್ಕೆ. ಹಳದಿಗೆ ಇನ್ನೂ ಒಂದು ಸುತ್ತು ಬಾಕಿಯಿತ್ತು.

ನೀನು ಎದ್ದು ನಿಂತುಬಿಟ್ಟಿದ್ದೆ. "ಸುಮಾ! ಮದ್ಲ ದಾಟಿದ್ದು ಹಳದೀನ ಅಲ್ಲಾ? ನನಗ ಕಂಡಿತು! ನನ್ನ ಕಣ್ಣಿಗೆ ಕಂಡಿತು!"

ಒಂದು ಉಸಿರಿನಷ್ಟು ಸಮಯವಿತ್ತು. "ಹೌದಣ್ಣಾ" ಎಂದೆ. "ಗೆದ್ದೈತಿ."

ನೀನು ಮೆಲ್ಲಗೆ ಕೂತೆ. ನಿನ್ನ ಮುಖದಲ್ಲಿ ಸಂತೋಷ ಇತ್ತು, ಅದರ ಹಿಂದೆಯೇ ಒಂದು ಹೆದರಿಕೆ ಬಂದು ನಿಂತಿತು. ಅದನ್ನು ನಾನು ನೋಡಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು. "ಹಂಗಾರ ಡಾಕ್ಟರಿಗೆ ಫೋನ್ ಮಾಡು" ಎಂದೆ ನೀನು. ಮಾಡಿದೆ.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದೆವು. ಇನ್ನೂ ಸ್ವಲ್ಪ ದಿನ ಕಾಯಬೇಕು ಎಂದಿದ್ದರು, ಕಾಯುತ್ತಿದ್ದೆವು. ನಾನು ತಾಟಿಟ್ಟು ರೊಟ್ಟಿ, ಝುಣಕ ಬಡಿಸಿದೆ. ನಿನ್ನ ಕೈ ತಾಟಿನ ಅಂಚಿನಲ್ಲಿ ಸುತ್ತು ಹೊಡೆಯಿತು.

"ಝುಣಕಾ ಎಲ್ಲಿ ಬಡಿಸೀದಿ, ಸುಮಾ?"

ಅದು ನಿನ್ನ ಕಣ್ಣೆದುರಿಗೇ ಇತ್ತು. ನಾನು ನಿನ್ನ ಬೆರಳು ಹಿಡಿದು ಅಲ್ಲಿಗೆ ಮುಟ್ಟಿಸಿದೆ.

ನೀನು ಬೈದಿದ್ದರೆ, ಅತ್ತಿದ್ದರೆ — ನಾನು ಅಂದೇ ಹೇಳಿಬಿಡುತ್ತಿದ್ದೆನೇನೋ. ನೀನು ಬೈಯಲಿಲ್ಲ. ಚಹಾದಂಗಡಿಯಲ್ಲಿ ಯಾರಾದರೂ ಅಯ್ಯೋ ಎಂದರೆ ನೀನೇ ಅವರಿಗೆ ಸಮಾಧಾನ ಹೇಳುತ್ತಿದ್ದೆ: "ಹೋದ್ರ ಹೋಗ್ಲಿ ಬಿಡ್ರಿ. ಕಡೀಕ ನೋಡಿದ್ದು ಹಳದಿ ಗೆದ್ದದ್ದನ್ನ." ಆ ಮಾತು ಕೇಳಿದಾಗಲೆಲ್ಲ ನಾನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವಳಂತೆ ಬಗ್ಗುತ್ತಿದ್ದೆ. ಬಗ್ಗುವ ಅಗತ್ಯವಿರಲಿಲ್ಲ, ನಿನಗೆ ನನ್ನ ಮುಖ ಕಾಣುತ್ತಿರಲಿಲ್ಲ. ಅಂದಿನಿಂದ ಒಂದು ಸ್ಥಾನವನ್ನೂ ನಾನು ತಪ್ಪು ಹೇಳಿಲ್ಲ. ಒಂಬತ್ತು ಎಂದರೆ ಒಂಬತ್ತು. ಮನೆ ಸುಟ್ಟ ಮೇಲೆ ಒಲೆಗೆ ಕಾವಲು ಕೂತ ಹಾಗೆ.

ಮೊನ್ನೆ ಭಾನುವಾರ ಅದು ಗೆದ್ದಿತು. ಖರೆ ಗೆದ್ದಿತು, ಅಣ್ಣಾ, ಎಲ್ಲರಿಗಿಂತ ಮುಂದೆ, ಬಾವುಟ ಅದಕ್ಕೇ ಬೀಸಿದರು. ಕಾಮೆಂಟರಿ ಹೇಳುತ್ತಿದ್ದವರ ದನಿ ಒಡೆಯಿತು. ನಾನು ಎಲ್ಲವನ್ನೂ ಮರೆತು ಕೂಗಿಕೊಂಡೆ: "ಗೆದ್ದೈತಿ ಅಣ್ಣಾ! ಖರೇನ ಗೆದ್ದೈತಿ!"

ನೀನು ಗೋಡೆಗೆ ತಲೆಯಾನಿಸಿ ನಕ್ಕೆ. "ಎರಡನೇ ಸಲ" ಎಂದೆ.

ಆಮೇಲೆ ಆ ಚಾಲಕನ ಬಾಯಿಗೆ ಮೈಕು ಹಿಡಿದರು. ಬಿಕ್ಕುವುದು ಮಾತ್ರ ಕೇಳಿಸಿತು, ಬಹಳ ಹೊತ್ತು. ನೀನು ಕಿವಿಗೊಟ್ಟು ಕೇಳಿದೆ. "ಎರಡನೇ ಸಲ ಗೆದ್ದಾವ ಇಷ್ಟ್ಯಾಕ ಅಳತಾನ, ಸುಮಾ?"

"ಖುಷಿಗೆ, ಅಣ್ಣಾ" ಎಂದೆ. ಅದು ಅವನ ಮೊದಲ ಗೆಲುವು ಎನ್ನಲಿಲ್ಲ. ಇನ್ನೊಂದು ಸುಳ್ಳು. ಅದೆಷ್ಟು ಸಲೀಸಾಗಿ ಬಂತೆಂದರೆ, ನನಗೆ ನನ್ನದೇ ಹೆದರಿಕೆಯಾಯಿತು.

ನಿನ್ನ ಕಣ್ಣು ಹೇಗೂ ಹೋಗುತ್ತಿತ್ತು ಎಂದು ಯಾರಾದರೂ ಹೇಳಬಹುದು. ಇರಬಹುದು. ಎರಡು ತಿಂಗಳೋ ಎರಡು ವರ್ಷವೋ, ಅದು ನಿನ್ನದಾಗಿತ್ತು; ಬೇಡ ಎನ್ನುವ ಮಾತೂ ನಿನ್ನದಾಗಿತ್ತು. ಎರಡನ್ನೂ ನಾನು ಕಸಿದುಕೊಂಡೆ. ನಿಜವಾದ ರೇಸನ್ನೂ ಕಸಿದುಕೊಂಡೆ — ನಟ್ಟು ಬಿಚ್ಚದೆ ನಿಂತ ಕಾರು, ಏನೂ ಸಿಗದೆಂದು ಗೊತ್ತಿದ್ದೂ ಮತ್ತೆ ಹೊರಟದ್ದು. ಗೆದ್ದದ್ದಕ್ಕಿಂತ ಅದು ನಿನಗೆ ಹಿಡಿಸುತ್ತಿತ್ತು. ನೀನು ಕಡೆಯದಾಗಿ ಕಂಡದ್ದು ಹಾಗೆ ಓಡುತ್ತಿದ್ದ ಕಾರನ್ನೇ. ಆದರೆ ಏನು ಕಂಡೆ ಎಂಬುದು ನಿನಗೆ ಗೊತ್ತಿಲ್ಲ.

ಈಗ ನಳ ಬಂದಿದೆ. ನೀನು ಹಿತ್ತಲಲ್ಲಿ ಪೈಪು ಹಿಡಿದು ನಿಂತಿದ್ದೀ. ಟಾಕಿಗೆ ನೀರು ಬೀಳುವ ಸದ್ದು ತುಂಬುತ್ತ ತುಂಬುತ್ತ ಸಣ್ಣದಾಗುತ್ತಿದೆ. ಇನ್ನೇನು ಮುಗಿಸಿ, ಲುಂಗಿಗೆ ಕೈ ಒರೆಸಿಕೊಂಡು ಒಳಗೆ ಬರುತ್ತೀ. ಆ ಗೆಲುವನ್ನು ನಿನ್ನಿಂದ ತೆಗೆದುಕೊಂಡ ಮೇಲೆ ನಿನಗೆ ಏನು ಉಳಿಯುತ್ತದೋ, ನನ್ನನ್ನು ನೀನು ಏನು ಮಾಡುತ್ತೀಯೋ, ಅದನ್ನು ನಾನು ಮೊದಲೇ ಲೆಕ್ಕ ಹಾಕುವುದಿಲ್ಲ. ಅಂದು ನೀನು "ಎಷ್ಟನೇದು ಐತಿ?" ಎಂದು ಕೇಳಿದ್ದಕ್ಕೆ ನಾನು ಉತ್ತರ ಕೊಡದೆ ಬಿಟ್ಟಿದ್ದೇನೆ. ಈ ಹಾಳೆಯನ್ನು ಮಡಚಿಟ್ಟು, ನೀನು ಕೂತ ಮೇಲೆ, ನಿನ್ನ ಒದ್ದೆ ಕೈ ಹಿಡಿದು ಹೇಳುತ್ತೇನೆ.

"ಕಡೀಕಿತ್ತು, ಅಣ್ಣಾ. ಒಂದು ಸುತ್ತ ಹಿಂದಿತ್ತು."