ಆಯಿ ಮಾಡಿದ ಆಣೆ

ನಮ್ಮದು ಉರ್ದು ಸಾಲೆ. ನಿಜಾಮರ ಕಾಲದ ಕಲಬುರಗಿಯಲ್ಲಿ ಬೇರೆ ದಾರಿ ಇರಲಿಲ್ಲ. ಮುಸ್ಲಿಂ ಹುಡುಗರು ದೀನಿಯಾತ್ ಎಂಬ ಧರ್ಮಪಾಠಕ್ಕೆ ಹೋದರೆ, ನಮ್ಮಂಥವರನ್ನು ಅಖ್ಲಾಖಿಯಾತ್ ಎಂಬ ನೀತಿಪಾಠಕ್ಕೆ ಕೂಡಿಸುತ್ತಿದ್ದರು. ಆ ಮಾಸ್ತರರಿಗೆ ಗ್ರೀಕರ ಹುಚ್ಚು. ಆ ಹಳೆಯ ಜ್ಞಾನಿಗಳ ಪ್ರಕಾರ ಗೆಳೆತನ ಮೂರು ಬಗೆಯಂತೆ: ಲಾಭದ್ದು, ಮೋಜಿನದು, ಗುಣದ್ದು. ಗುಣ ಹುಟ್ಟಿನಿಂದ ಬರುವುದಲ್ಲ, ಮಾಡಿ ಮಾಡಿ ರೂಢಿಯಾಗಬೇಕು ಎಂದು ಬೆತ್ತ ಆಡಿಸುತ್ತ ಹೇಳುತ್ತಿದ್ದರು. ಮೋಮಿನಪುರದ ನನ್ನ ಗೆಳೆಯ ದೀನಿಯಾತಿಗೆ ಹೋಗುವವನು, ಅವನಿಗೆ ಆ ಪಾಠ ಇರಲಿಲ್ಲ. ಸಂಜೆ ನಾನೇ ಅವನಿಗೆ ಒಪ್ಪಿಸುತ್ತಿದ್ದೆ.

"ನಮ್ಮದು ಯಾವ ಬಗೀದಲೇ?" ಎಂದು ಕೇಳಿದರೆ, "ನನ್ನ ಗಣಿತ ನೋಡಿ ಬರಕೋತಿ. ಲಾಭದ್ದು" ಎಂದು ನಗುತ್ತಿದ್ದ.

ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಯಿತು. ಅಲ್ಲಿಯವರೆಗೆ ನಮ್ಮ ಓಣಿಯವರು ನಿಜಾಮರ ಕಡೆಯವರಿಗೆ ಹೆದರಿ ಬದುಕಿದ್ದರು. ಈಗ ಆ ಹೆದರಿಕೆ ಅವನ ಓಣಿಗೆ ಹೋಯಿತು. ಅವನ ತಂದೆ ಮಗನನ್ನು ನನ್ನ ಕೈಗೆ ಒಪ್ಪಿಸಿದರು. ಕಮಲಾಪುರದ ನಮ್ಮ ಬಾಳೆತೋಟಕ್ಕೆ ಕರೆದೊಯ್ದೆ. ಅಲ್ಲಿ ನಮ್ಮ ಆಯಿಯದೇ ಕಾರಭಾರ. ಆಯಿ ಎಂದರೆ ನನ್ನ ಅಜ್ಜಿ. ಅವನ ಹಣೆಗೆ ವಿಭೂತಿ ಎಳೆದು, "ಬಾಯಿ ಮುಚ್ಚಕೊಂಡು ಕೂಡು" ಎಂದಳು.

ಮರುದಿನ ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ಮುಸ್ಲಿಮರನ್ನು ಹುಡುಕುತ್ತ ಬಡಿಗೆ ಹಿಡಿದವರು ಅಂಗಳಕ್ಕೆ ಬಂದರು.

"ಇವ ಯಾರಬೇ ಯವ್ವಾ?"

"ನನ್ನ ಮೊಮ್ಮಗ. ಮಗಳ ಮಗ."

ಅವರು ಕದಲಲಿಲ್ಲ, ನೋಡುತ್ತಲೇ ನಿಂತರು. ಗೆಳೆಯ ರೊಟ್ಟಿ ಮುರಿದ. ತುತ್ತು ಬಾಯಿಗಿಡುವ ಮೊದಲು, ದಿನದ ರೂಢಿಯಂತೆ, "ಬಿಸ್ಮಿಲ್ಲಾ" ಎಂದುಬಿಟ್ಟ.

ಮಾಸ್ತರರ ಗ್ರೀಕರ ಮೇಲೆ ನನಗೆ ಸಿಟ್ಟು ಬಂತು. ರೂಢಿ ಹೀಗೆ ಕುತ್ತಿಗೆಗೆ ಬರುತ್ತದೆ ಎಂದು ಅವರು ಹೇಳಿರಲಿಲ್ಲ. ನಾನೂ ರೊಟ್ಟಿ ಮುರಿದು ಗಟ್ಟಿಯಾಗಿ "ಬಿಸ್ಮಿಲ್ಲಾ" ಎಂದೆ.

"ಉರ್ದು ಸಾಲ್ಯಾಗ ಓದೀವಲ್ಲರೀ, ಇಬ್ಬರ ನಾಲಿಗಿನೂ ಹಿಂಗ ಆಗ್ಯಾದ."

ಒಬ್ಬ ನಕ್ಕ. ಅವರ ಮುಂದಾಳು ನಗಲಿಲ್ಲ. ಆಯಿಯ ಕೊರಳಿನ ಲಿಂಗದ ಕರಡಿಗೆಯತ್ತ ಬಡಿಗೆ ತೋರಿಸಿ, "ಲಿಂಗ ಮುಟ್ಟಿ ಹೇಳು" ಎಂದ.

ಲಿಂಗಪೂಜೆ ಆಗದೆ ಆಯಿ ಒಂದು ಗುಟುಕು ನೀರು ಕುಡಿದವಳಲ್ಲ. ಗೊನೆ ಮಾರುವಾಗ ಕೊಳೆತ ಹಣ್ಣನ್ನು ವ್ಯಾಪಾರಿಗೆ ತಾನೇ ತೋರಿಸುವವಳು. ಇವಳಿಂದ ಆಗುವುದಿಲ್ಲ, ನನ್ನ ಗೆಳೆಯ ಉಳಿಯುವುದಿಲ್ಲ ಎಂದುಕೊಂಡೆ. ಆಯಿ ಕರಡಿಗೆ ಬಿಚ್ಚಿದಳು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, "ನನ್ನ ಮೊಮ್ಮಗ" ಎಂದಳು.

ಅವರು ಹೋದರು. ಆಯಿ ಲಿಂಗವನ್ನು ಮತ್ತೆ ಕರಡಿಗೆಯಲ್ಲಿಟ್ಟು ಮುಚ್ಚಿದಳು. ಗೆಳೆಯ ಅಳುತ್ತ, "ನನ್ನ ಸಲುವಾಗಿ ಸುಳ್ಳು ಆಣಿ ಮಾಡಿದ್ರಿ ಆಯಿ" ಎಂದ. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಸುಳ್ಳಂತ ಯಾರಂದ್ರು? ಲಿಂಗದ ಮುಂದ ನಾ ಸುಳ್ಳಿ ಆಗಬಾರದು. ಇನ್ನ ಮ್ಯಾಲ ನೀ ನನ್ನ ಮೊಮ್ಮಗ ಆಗೇ ಇರಬೇಕು, ತಿಳೀತಿಲ್ಲೋ?"

ಅವನು ಆದ. ಹಬ್ಬಕ್ಕೆ ಬಂದ, ನನ್ನಷ್ಟೇ ಬೈಸಿಕೊಂಡ, ಅವಳ ಕಣ್ಣು ಮಂಜಾದಾಗ ಕೈಹಿಡಿದು ದವಾಖಾನೆಗೆ ನಡೆಸಿದ. ನನಗಿಂತ ಹೆಚ್ಚು ಸಲ ಬಂದ ಎಂದು ನನಗೆ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ.

ಆಯಿ ತೀರಿಕೊಂಡಾಗ ತೋಟದಲ್ಲೇ ಮಣ್ಣು ಮಾಡಿದೆವು. ಮೊಮ್ಮಕ್ಕಳು ಮುಂದೆ ಬನ್ನಿ ಎಂದು ಸ್ವಾಮಿಗಳು ಕರೆದರು. ಅವನು ಯಾರನ್ನೂ ಕೇಳಲಿಲ್ಲ. ಮುಂದೆ ಹೋಗಿ ಹಿಡಿ ಮಣ್ಣು ತೆಗೆದುಕೊಂಡು, ಮೆಲ್ಲಗೆ "ಬಿಸ್ಮಿಲ್ಲಾ" ಎಂದು ಹಾಕಿದ. ನೆಂಟರು ತಿರುಗಿ ನೋಡಿದರು. ನಾನೂ ಮಣ್ಣು ಹಿಡಿದು, ಗಟ್ಟಿಯಾಗಿ, ಅದನ್ನೇ ಅಂದೆ.