ದಾಸವಾಳದ ಬೇಲಿಯ ಹಿಂದೆ

ನಾನು ಕೌಲಾಲಂಪುರದ ಹತ್ತಿರದ ಕ್ಲಾಂಗ್ ಊರಿನ ಸರೋಜಮ್ಮ. ಈ ಮನೆಯಲ್ಲಿ ನನ್ನ ಮಾತು ಮೀರಿ ಏನೂ ನಡೆಯುವುದಿಲ್ಲ.

ಇವತ್ತು ಮಗನ ಆಫೀಸಿನ ದೊಡ್ಡವರು ಊಟಕ್ಕೆ ಬಂದಾಗ, ಮನೆಗೆಲಸದ ಸಿತಿ ಅಡುಗೆಮನೆಯ ಬಾಗಿಲ ಹಿಂದೆ ಅಡಗಿ ನಿಂತಿದ್ದಳು.

"ಅವಳು ಅಲ್ಲೇ ಇರ್ಲಿ ಅತ್ತೆ, ಗೆಸ್ಟ್ ಮುಂದೆ ಚೆನ್ನಾಗಿರಲ್ಲ," ಎಂದಳು ಸೊಸೆ.

ಈ ಊರು ಹಿಂದೆ, ಬ್ರಿಟಿಷರ ಕಾಲದಲ್ಲಿ, ಈ ಸೀಮೆಯ ರಾಜಧಾನಿ. ರಾಜಧಾನಿ ಕೌಲಾಲಂಪುರಕ್ಕೆ ಹೋದ ಮೇಲೆ ಗುಡ್ಡದಲ್ಲಿ ಮರಗಳೂ ದೊರೆಗಳ ಕೆಲವು ಬಂಗಲೆಗಳೂ ಉಳಿದವು. ನಾನು ಚಿಕ್ಕವಳಿದ್ದಾಗ ಅಂಥದೊಂದು ಬಂಗಲೆಯಲ್ಲಿ ಅಪ್ಪ ತೋಟಗಾರ. ಆಳಿನ ಮಕ್ಕಳು ದೊರೆಯ ಕಣ್ಣಿಗೆ ಬೀಳಬಾರದೆಂಬುದು ಅಲ್ಲಿಯ ಕಟ್ಟಳೆ. ದೊರೆಯ ಕಾರಿನ ಸದ್ದಾದರೆ ಅಪ್ಪ ಕತ್ತರಿಯನ್ನು ಎರಡು ಸಲ ಕಟಕಟ ಎನ್ನಿಸುತ್ತಿದ್ದರು. ನಾನು ದಾಸವಾಳದ ಬೇಲಿಯ ಹಿಂದೆ ಸೇರಿಕೊಳ್ಳುತ್ತಿದ್ದೆ.

ಒಂದು ದಿನ ಅಲ್ಲಿ ಕೆಂಜಿಗದ ಗೂಡಿತ್ತು. ದೊರೆ ಬೇಲಿಯ ಆಚೆಗೇ ನಿಂತು ಅಪ್ಪನೊಡನೆ ಹುಲ್ಲಿನ ವಿಷಯ ಮಾತಾಡುತ್ತಿದ್ದ. ಆ ಕೆಂಪಿರುವೆಗಳು ನನ್ನ ಕುತ್ತಿಗೆಗೆ ಹತ್ತಿ ಕಚ್ಚತೊಡಗಿದವು. ಕೂಗಿದರೆ ಅಪ್ಪನ ಕೆಲಸವೂ ನಾವಿದ್ದ ಕೋಣೆಯೂ ಹೋಗುತ್ತಿತ್ತು. ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡೆ.

ದೊರೆ ಹೋದ ಮೇಲೆ ಅಪ್ಪ ಇರುವೆಗಳನ್ನು ಒಂದೊಂದಾಗಿ ಕಿತ್ತರು. "ಜಾಣೆ, ಉಸಿರೇ ಎತ್ಲಿಲ್ಲ ನೋಡು ನನ್ ಮಗಳು," ಎಂದರು. ಆ ಮೆಚ್ಚುಗೆಯನ್ನು ನಾನು ಇವತ್ತಿಗೂ ನುಂಗಲಾರೆ.

ಸೊಸೆ ನೋಡುತ್ತಿದ್ದಂತೆಯೇ ಎದ್ದು ಅಡುಗೆಮನೆಗೆ ಹೋದೆ. ಸಿತಿಯ ಕೈ ಹಿಡಿದು ಕರೆತಂದು, ದೊಡ್ಡವರ ಎದುರಿಗೇ ನನ್ನ ಪಕ್ಕದಲ್ಲಿ ಕೂರಿಸಿ, ಅನ್ನ ಬಡಿಸಿದೆ.