ಹುಚ್ಚಣ್ಣನ ಉಯಿಲಿಗೆ ನಾಲ್ಕು ತಾಲ್ಲೂಕು

ರಾಜಮಹಾರಾಜರು ದಿಗ್ವಿಜಯಕ್ಕೆ ಹೊರಟರೆ ಆನೆ, ಕುದುರೆ, ಕಾಲಾಳು ಹಿಂದೆ ಬರುತ್ತಿದ್ದವಂತೆ. ಗೌಡಗೆರೆ ಹತ್ತಿರದ ಹಟ್ಟಿಯಿಂದ ಹುಚ್ಚಣ್ಣ ಹೊರಟಾಗ ಹಿಂದೆ ಬಂದದ್ದು ಹೆಂಡತಿ ಗಿರಿಯಮ್ಮ ಒಬ್ಬಳೇ. ಅವಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಪಹಣಿ, ಎಲ್ಲರ ಆಧಾರ್ ಕಾರ್ಡು, ನಾಲ್ಕು ಬಾಳೆಹಣ್ಣು. ಗೆಲ್ಲಬೇಕಾಗಿದ್ದದ್ದು ಒಂದೇ ಒಂದು ಉಯಿಲು. ಶಿರಾದಲ್ಲಿ, ಮಧುಗಿರಿಯಲ್ಲಿ, ಕೊರಟಗೆರೆಯಲ್ಲಿ ಘನಘೋರ ಯುದ್ಧವಾಯಿತು. ಮೂರೂ ಕಡೆ ಹುಚ್ಚಣ್ಣನೇ ಗೆದ್ದ. ಅಂದರೆ ಮೂರೂ ಕಡೆ ಉಯಿಲು ಆಗಲಿಲ್ಲ.

ಗಿರಿಯಮ್ಮ ಈ ಮನೆಗೆ ಬಂದು ಇಪ್ಪತ್ತೈದು ವರ್ಷ. ಮೊದಲ ಗಂಡ ಜುಂಜಣ್ಣ ಹಾವು ಕಚ್ಚಿ ಸತ್ತ ಮೇಲೆ ಎರಡು ವರ್ಷದ ನಟರಾಜುವನ್ನು ಕಂಕುಳಲ್ಲಿ ಇರುಕಿಕೊಂಡು, ಹನ್ನೊಂದು ಕುರಿ ಹೊಡೆದುಕೊಂಡು, ಹುಚ್ಚಣ್ಣನಿಗೆ ಕೂಡಿಕೆಯಾಗಿ ಬಂದವಳು. ಹುಚ್ಚಣ್ಣನ ತೀರಿಹೋದ ಮೊದಲ ಹೆಂಡತಿಯ ಏಳು ವರ್ಷದ ಮಗಳು ವನಜಾಕ್ಷಿ ಆಗ ಬಾಗಿಲಲ್ಲಿ ನಿಂತು, "ನಿನ್ನ ಕುರಿ ಒಳಗೆ ಬರಲಿ, ನೀನು ಬರಬ್ಯಾಡ" ಎಂದಿದ್ದಳು. ಆ ಹುಡುಗಿಯ ಹೇನು ತೆಗೆದು, ಜಡೆ ಹಾಕಿ, ಜಗಳವಾಡಿ, ಕೊನೆಗೆ ವೈ.ಎನ್.ಹೊಸಕೋಟೆಗೆ ಮದುವೆ ಮಾಡಿ ಕಳಿಸಿದವಳೂ ಗಿರಿಯಮ್ಮನೇ. ಕುರಿ ಮಾರಿ ನಾಲ್ಕೆಕರೆ ಕೊಂಡರು. ಖಾತೆ ಹುಚ್ಚಣ್ಣನ ಹೆಸರಿಗೆ. ಅದರ ಕಲ್ಲು ಆರಿಸಿ ಕಡಲೆಕಾಯಿ ಬೆಳೆಯುವ ಹಾಗೆ ಮಾಡಿದವನು ನಟರಾಜು.

ಹೋದ ಚಳಿಗಾಲದಲ್ಲಿ ಹುಚ್ಚಣ್ಣ ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತ. ಡಾಕ್ಟರು ಮಾತ್ರೆ ಕೊಟ್ಟರು, ಅವನು ಸರಿಹೋದ. ಗಿರಿಯಮ್ಮ ಸರಿಹೋಗಲಿಲ್ಲ. ಇವನು ಬರೆಯದೆ ಕಣ್ಣು ಮುಚ್ಚಿದರೆ ಆಸ್ತಿ ಹೆಂಡತಿಗೂ ಮಗಳಿಗೂ ಹೋಗುತ್ತದೆ, ಇವನ ರಕ್ತವಲ್ಲದ ನಟರಾಜುಗೆ ಇವನಿಂದ ಒಂದು ಗೇಣೂ ಬರುವುದಿಲ್ಲ ಎಂದು ಯಾರೋ ಹೇಳಿದ್ದರು. ವನಜಾಕ್ಷಿಯೇ ಫೋನು ಮಾಡಿ, "ತಮ್ಮನ ಪಾಲು ನಂಗೆ ಬ್ಯಾಡ ಚಿಕ್ಕವ್ವ. ಆದ್ರೆ ನಮ್ಮನೆಯವ್ರು ಬುಡೋ ಪೈಕಿ ಅಲ್ಲ. ಅಪ್ಪ ಗಟ್ಟಿಯಾಗಿರೋವಾಗ್ಲೇ ಬರೆಸ್ಬುಡು" ಎಂದಳು.

ಹುಚ್ಚಣ್ಣನದೇನೂ ತಕರಾರಿರಲಿಲ್ಲ. ಮಗಳಿಗೆ ಎರಡೆಕರೆ, ಮಗನಿಗೆ ಎರಡೆಕರೆ, ಮನೆ ಗಿರಿಯಮ್ಮನಿಗೆ. ಇಷ್ಟು ಸಲೀಸಾದ ಗಂಡಸು ಇಡೀ ಹೋಬಳಿಯಲ್ಲಿ ಇಲ್ಲ ಎಂದು ಅವಳು ಹಿಗ್ಗಿದಳು. ಶಿರಾದ ಪತ್ರ ಬರಹಗಾರ ಸಂಜೀವಯ್ಯ ಟೈಪು ಮಾಡಿದ್ದನ್ನು ಓದುವವರೆಗೂ ಹಿಗ್ಗಿಕೊಂಡೇ ಇದ್ದಳು.

"ನನ್ನ ಹೆಂಡತಿಯ ಮೊದಲನೇ ಗಂಡ ದಿವಂಗತ ಜುಂಜಣ್ಣನವರ ಮಗನಾದ ನಟರಾಜು..."

ಹುಚ್ಚಣ್ಣ ಎದ್ದು ನಿಂತ. "ಯಾರ ಮಗ?"

"ಆಧಾರ್‌ನಲ್ಲಿ ಹಂಗೇ ಐತೆ ಯಜಮಾನ್ರೇ."

"ಆಧಾರೇನು ಅವನ ಮೂಗು ಒರೆಸ್ತಾ? ನನ್ನ ಮಗ ಅಂತ ಬರಿ, ಇಲ್ಲಾ ಬುಡು."

ಬಿಟ್ಟರು. ಮಧುಗಿರಿಯಲ್ಲೂ ಅದೇ ಸಾಲು ಬಂತು, ಹುಚ್ಚಣ್ಣ ಟವೆಲು ಕೊಡವಿ ಹೊರಟ. ಕೊರಟಗೆರೆಯಲ್ಲಂತೂ ಗಿರಿಯಮ್ಮ ಮೂವರಿಗೆ ಕಾಫಿ ತರಲು ಹೋಗಿ ಬರುವಷ್ಟರಲ್ಲಿ ವೀರಾಧಿವೀರ ಹುಚ್ಚಣ್ಣ ಬಸ್ಸು ಹತ್ತಿಯಾಗಿತ್ತು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಮೂರೂ ಲೋಟ ಕಾಫಿ ತಾನೇ ಕುಡಿದಳು. ಮಗನ ಮೇಲಿನ ಪ್ರೀತಿಗೇ ಮಗನ ಹೊಲ ಕಳೆಯುವ ಗಂಡಸನ್ನು ಬೈಯಲು ಅವಳಿಗೆ ಪದವೇ ಸಿಕ್ಕಲಿಲ್ಲ.

ಉಳಿದಿದ್ದದ್ದು ಪಾವಗಡ. ಉಯಿಲನ್ನು ಯಾವ ಊರಲ್ಲಾದರೂ ನೋಂದಾಯಿಸಬಹುದು, ವನಜಾಕ್ಷಿಯೂ ಹೊಸಕೋಟೆಯಿಂದ ಬಂದು ಕಾಯುತ್ತಿದ್ದಳು. ಅಲ್ಲಿನ ಪತ್ರ ಬರಹಗಾರ ಗಂಗಹನುಮಯ್ಯ ಅರ್ಧ ತೆಲುಗಿನ ಮನುಷ್ಯ. ಕಥೆ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಏಮಯ್ಯಾ ಪೆದ್ದಾಯನಾ, ಯಜಮಾನಾ, ಹುಡುಗನ ಕಾಗದ ಎಲ್ಲಾದ್ರಲ್ಲೂ ಜುಂಜಣ್ಣ ಅಂತೈತೆ. ನೀನು ಬರೀ ನನ್ನ ಮಗ ಅಂತ ಬರೆಸಿದ್ರೆ, ನಾಳೆ ಯಾವನಾದ್ರೂ ಲಾಯರು, ಹುಚ್ಚಣ್ಣಂಗೆ ಇಂಥ ಮಗನೇ ಇಲ್ಲ, ಈ ನಟರಾಜು ಯಾರು ಅಂತ ಎಳೀತಾನೆ. ನಿನ್ನ ಪ್ರೀತಿ ಕೋರ್ಟಿನಾಗೆ ನಡೆಯಲ್ಲಯ್ಯಾ."

"ನಡೀದಿದ್ರೆ ಬುಡು. ಸುಳ್ಳಿಗೆ ನಾನು ಹೆಬ್ಬೆಟ್ಟು ಒತ್ತಾಕಿಲ್ಲ."

"ಅಪ್ಪಾ, ನಿನ್ ದಮ್ಮಯ್ಯ!" ಎಂದಳು ವನಜಾಕ್ಷಿ.

ಗಿರಿಯಮ್ಮ ಕವರನ್ನು ಮೇಜಿನ ಮೇಲೆ ಕುಕ್ಕಿದಳು. ಉಳಿದಿದ್ದ ಒಂದು ಬಾಳೆಹಣ್ಣು ಅಪ್ಪಚ್ಚಿಯಾಯಿತು.

"ಅಲ್ಲಾ ಕಣಯ್ಯಾ, ನಾನು ಹನ್ನೊಂದು ಕುರಿ ತಂದ್ನಲ್ಲ, ಅವುಕ್ಕೆ ಎಡಗಿವಿ ತುದಿ ಸೀಳಿತ್ತೋ ಇಲ್ವೋ?"

"ಇತ್ತು. ಜುಂಜಣ್ಣನ ಗುರ್ತು."

"ನೀನೇನ್ ಮಾಡ್ದೆ? ಆ ಕಿವಿ ಕೊಯ್ದು ಬಿಸಾಕಿದ್ಯಾ?"

"ಥೂ! ಯಾವನಾದ್ರೂ ಕಿವಿ ಕೊಯ್ತಾನೇನೇ? ಬಲಗಿವೀಗೆ ನನ್ನ ಕಚ್ಚು ಹಾಕ್ದೆ."

"ಆಮ್ಯಾಕೆ ಯಾರ ಕುರಿ ಆದ್ವು?"

"ಇನ್ಯಾರವು? ನನ್ನವೇ."

"ಎಡಗಿವಿ ಸೀಳು ಮಾಯ ಆಗಿತ್ತಾ?"

ಹುಚ್ಚಣ್ಣ ಗಂಗಹನುಮಯ್ಯನ ಕ್ಯಾಲೆಂಡರ್ ನೋಡಿದ.

"ಒಂದು ಗುರ್ತಿನ ಕುರೀಗೆ ತಕರಾರು ಬರ್ತದೆ, ಎಲ್ಡು ಗುರ್ತಿದ್ರೆ ಎಲ್ಲಿಂದ ಬಂತು, ಯಾರ್ದಾಯ್ತು ಅಂತ ಕಾಣ್ತದೆ, ಯಾವನೂ ಮುಟ್ಟಾಕಿಲ್ಲ ಅಂತ ಹಟ್ಟಿ ತುಂಬಾ ಜಂಬ ಕೊಚ್ಕೊಂಡೋನು ಯಾರು? ನಮ್ಮಪ್ಪನಾ? ಕುರೀಗೆ ಇರೋ ನ್ಯಾಯ ನನ್ನ ಮಗಂಗೆ ಇಲ್ವಾ?"

"ನನ್ನ ಮಗಂಗೆ" ಎಂದು ತಿದ್ದಿದ ಹುಚ್ಚಣ್ಣ. ಆಮೇಲೆ ಬಹಳ ಹೊತ್ತು ಕಿವಿ ಕೆರೆದುಕೊಂಡ. "ಸರಿ. ಎಲ್ಡೂ ಹಾಕು."

ಗಂಗಹನುಮಯ್ಯ ಕನ್ನಡಕ ಏರಿಸಿ, ಇವನ ಮನಸ್ಸು ತಿರುಗುವ ಮೊದಲೇ ಕುಟ್ಟಿದ: "ದಿವಂಗತ ಜುಂಜಣ್ಣನವರ ಮಗನೂ, ಎರಡನೇ ವಯಸ್ಸಿನಿಂದ ನಾನೇ ಸಾಕಿ ಬೆಳೆಸಿ ನನಗೆ ಮಗನೇ ಆದವನೂ ಆದ ನಟರಾಜು."

ಪಾಲು ಪಡೆಯುವ ಮಗಳು ಸಾಕ್ಷಿ ಹಾಕುವ ಹಾಗಿಲ್ಲವೆಂದು ಪಕ್ಕದ ಜೆರಾಕ್ಸ್ ಅಂಗಡಿಯವನನ್ನೂ ಟೀ ಅಂಗಡಿಯವನನ್ನೂ ಕರೆಸಿದರು. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆಟ್ಟು ಬಿತ್ತು, ಫೋಟೋ ತೆಗೆದರು, ನೋಂದಣಿಯೂ ಆಯಿತು. ನಾಲ್ಕನೆಯ ಯುದ್ಧದಲ್ಲಿ ಹುಚ್ಚಣ್ಣ ಸೋತ. ಗಿರಿಯಮ್ಮನಿಗೆ ನಿದ್ದೆ ಬಂತು. ಶಿರಾ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು.

ಮುಚ್ಚಲು ಬಿಟ್ಟರೆ ತಾನೆ? ಮೂರು ತಾಲ್ಲೂಕಿನಲ್ಲಿ ಒಪ್ಪದ ಸಾಲನ್ನು ಹುಚ್ಚಣ್ಣ ಈಗ ಬಸ್ಸಿನವರಿಗೆಲ್ಲ ಓದಿಸುತ್ತಿದ್ದ. ಕಂಡಕ್ಟರ್ ಓದಿದ. ಹಿಂದಿನ ಸೀಟಿನ ಮೇಷ್ಟ್ರು ಓದಿದರು. ಈಗ ಕಾಲೇಜಿನ ಹುಡುಗಿ ಅನುಷಾಳ ಸರದಿ.

"ಓದವ್ವ, ಆ ಗೆರೆ ಮಾತ್ರ."

"ದಿವಂಗತ ಜುಂಜಣ್ಣನವರ ಮಗನೂ..." ಎಂದು ಅವಳು ಗಟ್ಟಿಯಾಗಿ ಶುರು ಮಾಡಿದಳು.

"ಅದನ್ನ ವಸಿ ಮೆತ್ತಗೆ ಓದವ್ವ" ಎಂದ ಹುಚ್ಚಣ್ಣ. "ಮುಂದಿಂದು ಬಸ್ಸಿಗೆಲ್ಲಾ ಕೇಳಂಗೆ ಓದು."